‘555 ಹಾಕು’ ಅನ್ನೋದು ಉತ್ತರ ಅಲ್ಲ

(1/4)
ಫೋಟೋದಲ್ಲಿರೋ ಬ್ರೆಡ್‌ಬೋರ್ಡ್ ನಂದೇ. ಎರಡು ಎಲ್‌ಇಡಿ, ಎರಡು ಬಿಸಿ547 ಟ್ರಾನ್ಸಿಸ್ಟರ್, ಎರಡು ಕೆಪಾಸಿಟರ್, ನಾಲ್ಕು ರೆಸಿಸ್ಟರ್, ಮೂರು ಪೆನ್ಸಿಲ್ ಸೆಲ್. ಒಂದು ಎಲ್‌ಇಡಿ ಹತ್ತಿದಾಗ ಇನ್ನೊಂದು ಆರ್ಬೇಕು, ಅದು ಹತ್ತಿದಾಗ ಇದು ಆರ್ಬೇಕು. ಆಸಿಲೇಟರ್ ಅಂದ್ರೆ ಇಷ್ಟೇ, ತನ್ನಷ್ಟಕ್ಕೆ ತಾನೇ ಆ ಕಡೆ ಈ ಕಡೆ ತೂಗೋ ಸರ್ಕ್ಯೂಟ್. ನಮ್ಮ ಬೀದಿ ಗಣಪತಿ ಮುಂದೆ ಇಡ್ತೀನಿ ಅಂತ ಹುಡುಗರಿಗೆ ಮಾತು ಬೇರೆ ಕೊಟ್ಟಿದ್ದೆ. ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಸೆಲ್ ಹಾಕಿದೆ. ಎರಡೂ ಒಟ್ಟಿಗೇ ಹತ್ಕೊಂಡು ಹಾಗೇ ನಿಂತ್ಬಿಟ್ವು. ಮಿಣುಕೋದೇ ಇಲ್ಲ.

ಆನ್‌ಲೈನ್‌ನಲ್ಲಿ ಎಲೆಕ್ಟ್ರಾನಿಕ್ಸ್ ಬಲ್ಲವರು ಸೇರೋ ಒಂದು ಗುಂಪಲ್ಲಿ ಕೇಳಿದೆ. ಬಂದ ಉತ್ತರಗಳು ಹೀಗಿದ್ವು. ‘ಈ ಕಾಲದಲ್ಲಿ ಯಾರು ಟ್ರಾನ್ಸಿಸ್ಟರ್‌ನಲ್ಲಿ ಮಾಡ್ತಾರೆ, 555 ಹಾಕು.’ ‘ಆರ್ಡುಯಿನೊ ತಗೋ, ಐದು ಲೈನ್ ಕೋಡ್.’ ‘ಮೊದಲು ಡೇಟಾಶೀಟ್ ಓದು.’ ಒಬ್ಬ ಮಹಾನುಭಾವ ನನ್ನ ಪ್ರೊಫೈಲ್ ನೋಡಿ ಬಂದು, ‘ಬಿಕಾಂ ಅಲ್ವಾ? ನಿಂಗ್ಯಾಕೆ ಗುರೂ ಇದೆಲ್ಲ?’

ಅಷ್ಟು ಜನರಲ್ಲಿ ಒಬ್ಬರೂ ‘ಏನೇನು ಹಾಕಿದ್ದೀಯ?’ ಅಂತ ಕೇಳಲಿಲ್ಲ.

(2/4)
ಬಿಕಾಂನವರಿಗೆ ಇದು ಬೇಗ ಅರ್ಥ ಆಗುತ್ತೆ. ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲ ಅಂತ ಮೇಷ್ಟ್ರ ಹತ್ರ ಹೋಗ್ತೀರಿ. ಅವರು ‘ಇದೆಲ್ಲ ಯಾಕೆ ಬರೀತೀಯ, ಸಾಫ್ಟ್‌ವೇರ್ ಹಾಕ್ಕೋ’ ಅಂತಾರಾ? ‘ವ್ಯತ್ಯಾಸ ಎಷ್ಟಿದೆ?’ ಅಂತ ಕೇಳ್ತಾರೆ. 9ರಿಂದ ಭಾಗ ಆಗುತ್ತೆ ಅಂದ್ರೆ ಎಲ್ಲೋ 540ನ್ನ 450 ಅಂತ ಬರ್ದಿರಬೇಕು, ಇಲ್ಲ ಒಂದು ಸೊನ್ನೆ ಬಿಟ್ಟಿರಬೇಕು, ಹೋಗಿ ಹುಡುಕು ಅಂತಾರೆ. ಆ ಒಂದು ಪ್ರಶ್ನೆಯಿಂದ ನೀವು ತಪ್ಪು ಹುಡುಕೋದನ್ನೇ ಕಲಿತ್ಬಿಡ್ತೀರಿ. ‘555 ಹಾಕು’ ಅನ್ನೋದರಿಂದ ಕಲಿಯೋದು ಒಂದೇ, ಮುಂದಿನ ಸಲ ಕೇಳಬಾರದು ಅಂತ.

ಹಳೇ ಸರ್ಕ್ಯೂಟ್ ಅಂತ ಮೂಗು ಮುರಿಯೋರಿಗೆ ಒಂದು ಮಾತು. ಹೌದು, ಹಳೇದು. ಫ್ರಾನ್ಸಿನ ಅಬ್ರಹಾಂ ಮತ್ತು ಬ್ಲಾಕ್ ಇಬ್ಬರೂ ವಾಲ್ವ್‌ಗಳಲ್ಲಿ ಇದನ್ನ ಮಾಡಿ 1919ರಲ್ಲೇ ಪ್ರಕಟಿಸಿದ್ರು. 555 ಬಂದದ್ದು 1972ರಲ್ಲಿ, ಸಿಗ್ನೆಟಿಕ್ಸ್ ಕಂಪನಿಗೆ ಹಾನ್ಸ್ ಕಾಮೆನ್‌ಜಿಂಡ್ ಅದನ್ನ ವಿನ್ಯಾಸ ಮಾಡಿದ್ದು. ಅದಕ್ಕೂ ಈಗ ಐವತ್ತು ದಾಟಿದೆ ಸ್ವಾಮಿ, ಅದೇನು ನಿನ್ನೆ ಬಂದದ್ದಲ್ಲ. ಆ ಕರೀ ಚಿಪ್ ಒಳಗೆ ಎಲ್ಲ ಮುಚ್ಚಿಟ್ಟಿರುತ್ತೆ. ನನ್ನ ಬೋರ್ಡ್ ಮೇಲೆ ಕೆಪಾಸಿಟರ್ ತುಂಬೋದು, ಖಾಲಿ ಆಗೋದು, ಒಂದು ಟ್ರಾನ್ಸಿಸ್ಟರ್ ಇನ್ನೊಂದನ್ನ ಆರಿಸೋದು ಎಲ್ಲ ಬೆರಳಿಟ್ಟು ತೋರಿಸಬಹುದು. ಕಲಿಯೋನಿಗೆ ಬೇಕಾದ್ದು ಅದೇ ತಾನೇ?

(3/4)
ಆಮೇಲೆ ಏನಾಯ್ತು ಹೇಳ್ತೀನಿ. ನಮ್ಮ ಏರಿಯಾದಲ್ಲಿ ಮಿಕ್ಸಿ, ಫ್ಯಾನ್ ರಿಪೇರಿ ಮಾಡೋ ಅಂಕಲ್ ಒಬ್ಬರಿದ್ದಾರೆ. ಬೋರ್ಡ್ ತಗೊಂಡು ಹೋದೆ. ಒಂದು ನಿಮಿಷ ನೋಡಿದ್ರು. ‘ಅಂಗಡಿ ಲೈಟ್ ಆರ್ಸಪ್ಪ. ಬೋರ್ಡ್ ಗಟ್ಟಿಯಾಗಿ ಹಿಡ್ಕೊಂಡು ಜೋರಾಗಿ ಆ ಕಡೆ ಈ ಕಡೆ ಬೀಸು’ ಅಂದ್ರು. ತಮಾಷೆ ಮಾಡ್ತಿದ್ದಾರೆ ಅನ್ಕೊಂಡೆ. ಬೀಸಿದೆ. ಕತ್ತಲಲ್ಲಿ ಬೆಳಕಿನ ಗೆರೆ ಉದ್ದಕ್ಕೆ ಬರಲಿಲ್ಲ, ತುಂಡು ತುಂಡಾಗಿ ಬಂತು! ಕೆಂಪು ತುಂಡು ಇರೋ ಕಡೆ ಹಸಿರು ಖಾಲಿ, ಹಸಿರು ಇರೋ ಕಡೆ ಕೆಂಪು ಖಾಲಿ.

ಸರ್ಕ್ಯೂಟ್ ಸತ್ತಿರಲೇ ಇಲ್ಲ. ಮಿಣುಕ್ತಾನೇ ಇತ್ತು, ಕಣ್ಣಿಗೆ ಸಿಗದಷ್ಟು ಬೇಗ.

ಅಂಕಲ್ ಆಮೇಲೆ ಕೆಪಾಸಿಟರ್ ಮೇಲಿನ ನಂಬರ್ ಓದು ಅಂದ್ರು. 104. ನನಗೆ ಬೇಕಿದ್ದದ್ದು 10 ಮೈಕ್ರೋಫ್ಯಾರಡ್. ಶುರುವಲ್ಲಿ 10 ನೋಡಿ ಅದೇ ಇರಬೇಕು ಅಂತ ಹಾಕಿದ್ದೆ. 104 ಅಂದ್ರೆ 10ರ ಮುಂದೆ ನಾಲ್ಕು ಸೊನ್ನೆ, ಅದೂ ಪಿಕೋಫ್ಯಾರಡ್‌ನಲ್ಲಿ. ಲೆಕ್ಕ ಹಾಕಿದ್ರೆ 0.1 ಮೈಕ್ರೋಫ್ಯಾರಡ್, ನೂರು ಪಟ್ಟು ಕಮ್ಮಿ. ಒಂದು ಸುತ್ತಿಗೆ ಹಿಡಿಯೋ ಸಮಯ ಸುಮಾರು 1.38 × ರೆಸಿಸ್ಟರ್ × ಕೆಪಾಸಿಟರ್. ನನ್ನ 47 ಕಿಲೋ ಓಮ್‌ಗೆ 10 ಮೈಕ್ರೋ ಹಾಕಿದ್ರೆ ಸೆಕೆಂಡಿಗೆ ಒಂದೂವರೆ ಸಲ ಮಿಣುಕುತ್ತೆ. 0.1 ಹಾಕಿದ್ರೆ ನೂರೈವತ್ತು ಸಲ. ಸೊನ್ನೆ ತಪ್ಪಿತ್ತು, ಅಷ್ಟೇ. ಬಿಕಾಂ ಹುಡುಗ ಸೊನ್ನೆಯಲ್ಲಿ ಎಡವಿದ್ದು ನಾಚಿಕೆ ವಿಷಯ, ಒಪ್ಕೋತೀನಿ.

ಈಗ ಹೇಳಿ, ಅವರ ಮಾತು ಕೇಳಿ 555 ತಂದು, ಅದಕ್ಕೂ ಅದೇ 47 ಕಿಲೋ ಓಮ್, ಅದೇ 104 ಹಾಕಿದ್ರೆ? ಅದೂ ಸೆಕೆಂಡಿಗೆ ನೂರೈವತ್ತರ ಆಸುಪಾಸಲ್ಲೇ ಮಿಣುಕ್ತಿತ್ತು. ಅದೂ ನಿಂತ ಬೆಳಕಿನ ಥರಾನೇ ಕಾಣ್ತಿತ್ತು. ಆಗ ನಾನು ‘ಇದು ನನ್ನಂಥವರಿಗಲ್ಲ’ ಅಂತ ಎಲ್ಲ ಡಬ್ಬಿಗೆ ಹಾಕಿ ಅಟ್ಟದ ಮೇಲೆ ಇಡ್ತಿದ್ದೆ. ಹಾಗೆ ಇಟ್ಟವರು ಎಷ್ಟು ಜನ ಇರಬೇಕು ಅನ್ನೋ ಸಿಟ್ಟಿಗೇ ಈ ಪೋಸ್ಟ್ ಬರೀತಿರೋದು.

(4/4)
ಕೇಳೋ ನಮ್ಮ ತಪ್ಪೂ ಇದೆ. ನಾನು ಹಾಕಿದ್ದು ಒಂದು ಮಸುಕು ಫೋಟೋ, ಕೆಳಗೆ ‘ವರ್ಕ್ ಆಗ್ತಿಲ್ಲ, ಅರ್ಜೆಂಟ್, ಹೆಲ್ಪ್ ಮಾಡಿ’. ದಿನಾ ಇಂಥದ್ದೇ ಹತ್ತು ನೋಡೋರಿಗೆ ಬೇಜಾರಾಗುತ್ತೆ, ಅದು ನಿಜ. ಬೇಜಾರಾದ್ರೆ ಸುಮ್ನೆ ಮುಂದೆ ಹೋಗಿ. ಉತ್ತರ ಕೊಡದೇ ಇರೋದು ತಪ್ಪಲ್ಲ. ಉತ್ತರದ ವೇಷದಲ್ಲಿ ಕೇಳಿದವನನ್ನ ಹಂಗಿಸೋದಿದ್ಯಲ್ಲ, ಅದರ ಮೇಲೆ ನನ್ನ ಜಗಳ. ಡೇಟಾಶೀಟ್ ಓದು ಅನ್ನೋರು ಯಾವ ಸಾಲು ಓದ್ಬೇಕು ಅಂತಾದ್ರೂ ಹೇಳಿ. ನನ್ನ ತಪ್ಪಂತೂ ಟ್ರಾನ್ಸಿಸ್ಟರ್ ಡೇಟಾಶೀಟ್‌ನ ಯಾವ ಪುಟದಲ್ಲೂ ಸಿಗ್ತಿರಲಿಲ್ಲ.

ಇನ್ನು, ನಿಮ್ಮ ಎಲ್‌ಇಡಿ ಮಿಣುಕ್ತಿಲ್ಲ ಅಂದ್ರೆ ನಂಗೆ ಡಿಎಂ ಮಾಡಿ. ಸರ್ಕ್ಯೂಟನ್ನ ಪೇಪರ್ ಮೇಲೆ ಬರೆದು ಫೋಟೋ ತೆಗೀರಿ, ಅಂಕುಡೊಂಕಾದ್ರೂ ನಡೆಯುತ್ತೆ. ಕೆಪಾಸಿಟರ್ ಮೇಲೆ, ಟ್ರಾನ್ಸಿಸ್ಟರ್ ಮೇಲೆ ಏನು ಬರೆದಿದೆಯೋ ಹಾಗೇ ಇಳಿಸಿ. ವಿದೇಶದ ವಿಡಿಯೋ ನೋಡಿ ಮಾಡಿದ್ರೆ ಅದನ್ನೂ ಹೇಳಿ, ಯಾಕಂದ್ರೆ ಅಲ್ಲಿ 2ಎನ್3904 ಹಾಕಿರ್ತಾರೆ, ನಮ್ಮ ಅಂಗಡಿಯಲ್ಲಿ ಬಿಸಿ547 ಕೊಡ್ತಾರೆ, ಎರಡರ ಕಾಲುಗಳು ಉಲ್ಟಾ. ಗೊತ್ತಿದ್ರೆ ಹೇಳ್ತೀನಿ, ಗೊತ್ತಿಲ್ದಿದ್ರೆ ಅಂಕಲ್‌ನ ಕೇಳಿ ಹೇಳ್ತೀನಿ. ಸಂಜೆ ಆರರ ಮೇಲೆ ಅವರು ಫ್ರೀ ಇರ್ತಾರೆ.

#ಬ್ರೆಡ್‌ಬೋರ್ಡ್ #ಬಿಕಾಂಹುಡುಗನಸರ್ಕ್ಯೂಟ್