ಬೆಂಗಳೂರು: ಮುಂದಿನ ವಸತಿ ಮತ್ತು ವಾಣಿಜ್ಯ ಬೆಳವಣಿಗೆಯ ಧಾರಣ ಸಾಮರ್ಥ್ಯ

ಪೀಠಿಕೆ

ಬೆಂಗಳೂರು ನಗರ ಸಮೂಹದ ಜನಸಂಖ್ಯೆಯು 2001ರ ಜನಗಣತಿಯಂತೆ ಸುಮಾರು 57 ಲಕ್ಷವಿದ್ದು, 2011ರಲ್ಲಿ ಸುಮಾರು 85 ಲಕ್ಷಕ್ಕೆ ಏರಿತು. ಇಂತಹ ನಗರದಲ್ಲಿ ಇನ್ನೆಷ್ಟು ಮನೆ, ಮಳಿಗೆ ಹಾಗೂ ಕಚೇರಿಗಳಿಗೆ ಅವಕಾಶವಿದೆ ಎಂಬುದನ್ನು ಮುಂಚಿತವಾಗಿ ಅಂದಾಜಿಸುವುದು ನಗರ ಯೋಜನೆಯ ಮೂಲಭೂತ ಕಾರ್ಯವಾಗಿದೆ. ಈ ಅಂದಾಜನ್ನು ಯಾವ ಆಧಾರದ ಮೇಲೆ ಮಾಡಬೇಕು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ಕಾನೂನಿನ ಚೌಕಟ್ಟು

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಅನ್ವಯ ಮಹಾಯೋಜನೆಯನ್ನು ಸಿದ್ಧಪಡಿಸಿ, ಹತ್ತು ವರ್ಷಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕಾಗಿರುತ್ತದೆ. ವಸತಿ, ವಾಣಿಜ್ಯ, ಕೈಗಾರಿಕೆ ಮುಂತಾದ ವಲಯಗಳನ್ನು ಗುರುತಿಸುವುದರೊಂದಿಗೆ, ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಡ ನಿರ್ಮಿಸಬಹುದೆಂಬ ಮಿತಿಯನ್ನು, ಅಂದರೆ ಎಫ್.ಎ.ಆರ್. ಅನ್ನು, ವಲಯ ನಿಯಮಾವಳಿಯು ನಿಗದಿಪಡಿಸುತ್ತದೆ. ಉದಾಹರಣೆಗೆ, ಎಫ್.ಎ.ಆರ್. 1.75 ಇರುವಲ್ಲಿ 1,200 ಚದರ ಅಡಿಯ ನಿವೇಶನದಲ್ಲಿ ಎಲ್ಲ ಮಹಡಿಗಳೂ ಸೇರಿ 2,100 ಚದರ ಅಡಿ ನಿರ್ಮಿಸಬಹುದು.

2015ನೇ ಇಸವಿಯವರೆಗಿನ ಪರಿಷ್ಕೃತ ಮಹಾಯೋಜನೆಗೆ 2007ರಲ್ಲಿ ಅನುಮೋದನೆ ದೊರೆಯಿತು. 2031ರವರೆಗಿನ ಕರಡನ್ನು 2017ರಲ್ಲಿ ಪ್ರಕಟಿಸಲಾಯಿತಾದರೂ 2020ರಲ್ಲಿ ಹಿಂಪಡೆಯಲಾಯಿತು.

2. ನಕ್ಷೆಯ ಸಾಮರ್ಥ್ಯ ಮತ್ತು ವಾಸ್ತವ ಸಾಮರ್ಥ್ಯ

ಎಫ್.ಎ.ಆರ್. ಹೆಚ್ಚಿಸಿದ ಮಾತ್ರಕ್ಕೆ ನಗರದ ಸಾಮರ್ಥ್ಯವು ಹೆಚ್ಚುವುದಿಲ್ಲ. ಒಂದು ಪ್ರದೇಶದಲ್ಲಿ ತಲಾ ನಾಲ್ವರಿರುವ 1,000 ಮನೆಗಳು ಹೊಸದಾಗಿ ಬಂದವೆಂದು ಭಾವಿಸೋಣ. ದಿನಕ್ಕೆ ತಲಾ 135 ಲೀಟರ್ ಎಂಬ ಮಾನದಂಡದಂತೆ 5.4 ಲಕ್ಷ ಲೀಟರ್ ನೀರು ಬೇಕಾಗುತ್ತದೆ. ಅದರ ಶೇ. 80ರಷ್ಟು ಭಾಗ ತ್ಯಾಜ್ಯ ನೀರಾಗಿ ಹೊರಬರುವುದೆಂದು ಲೆಕ್ಕ ಹಿಡಿದರೆ, 4.3 ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಪ್ರತಿದಿನ ಸಾಗಿಸಿ ಶುದ್ಧೀಕರಿಸಬೇಕಾಗುತ್ತದೆ. ಕೊಳವೆ ಮಾರ್ಗಗಳಿಗೆ ಈ ಶಕ್ತಿ ಇಲ್ಲದಿದ್ದಲ್ಲಿ ನಕ್ಷೆಯಲ್ಲಿನ ಸಾಮರ್ಥ್ಯವು ಕಾಗದದಲ್ಲಿಯೇ ಉಳಿಯುತ್ತದೆ.

3. 110 ಗ್ರಾಮಗಳ ಅನುಭವ

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ 110 ಗ್ರಾಮಗಳನ್ನು ನಗರಕ್ಕೆ ಸೇರಿಸಲಾಯಿತು. ಅಲ್ಲಿ ಬಡಾವಣೆಗಳೂ ವಸತಿ ಸಮುಚ್ಚಯಗಳೂ ತ್ವರಿತವಾಗಿ ತಲೆಯೆತ್ತಿದವು. ಆದರೆ ಈ ಗ್ರಾಮಗಳಿಗೆ ನೀರೊದಗಿಸುವ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ 5ನೇ ಹಂತದ ಯೋಜನೆಯು ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷಗಳಲ್ಲಿ ನಿವಾಸಿಗಳು ಬಹುಮಟ್ಟಿಗೆ ಕೊಳವೆ ಬಾವಿ ಹಾಗೂ ಟ್ಯಾಂಕರುಗಳನ್ನೇ ಅವಲಂಬಿಸಬೇಕಾಯಿತು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿದಾಗ, ಸಾಲ ಮಾಡಿ ಮನೆ ಕೊಂಡ ಕುಟುಂಬಗಳು ಮಾಸಿಕ ಕಂತಿನ ಜೊತೆಗೆ ಟ್ಯಾಂಕರಿನ ವೆಚ್ಚವನ್ನೂ ಭರಿಸಬೇಕಾಯಿತು.

ಸುಮಾರು 100 ಕಿ.ಮೀ. ದೂರದಿಂದ ತರುವ ಈ ನೀರಿಗೂ ಮಿತಿಯುಂಟು. 2018ರ ಫೆಬ್ರವರಿಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕಕ್ಕೆ ಹೆಚ್ಚುವರಿಯಾಗಿ ನೀಡಿದ 14.75 ಟಿ.ಎಂ.ಸಿ. ನೀರಿನಲ್ಲಿ ಬೆಂಗಳೂರಿನ ಪಾಲು 4.75 ಟಿ.ಎಂ.ಸಿ. ಆಗಿದೆ.

4. ವಾಣಿಜ್ಯ ಬೆಳವಣಿಗೆ

ವೈಟ್‌ಫೀಲ್ಡ್ ಪ್ರದೇಶದಲ್ಲಿ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳು 1990ರ ದಶಕದಿಂದಲೇ ನೆಲೆಗೊಳ್ಳತೊಡಗಿದವು. ಮೆಟ್ರೋ ರೈಲು ಅಲ್ಲಿಗೆ ತಲುಪಿದ್ದು 2023ರಲ್ಲಿ. ಉದ್ಯೋಗ ಮೊದಲು, ಸಂಚಾರ ವ್ಯವಸ್ಥೆ ನಂತರ ಎಂಬ ಈ ಕ್ರಮದ ಬೆಲೆಯನ್ನು ಉದ್ಯೋಗಿಗಳು ರಸ್ತೆಯಲ್ಲಿ ಕಳೆಯುವ ಸಮಯದ ರೂಪದಲ್ಲಿ ತೆತ್ತಿದ್ದಾರೆ.

5. ಪರಿಗಣಿಸಬೇಕಾದ ಅಂಶಗಳು

ಅ) ಪ್ರತಿ ಯೋಜನಾ ವಿಭಾಗಕ್ಕೂ ನೀರು, ಒಳಚರಂಡಿ ಮತ್ತು ಸಾರಿಗೆಯ ಲಭ್ಯತೆಯನ್ನು ಲೆಕ್ಕ ಹಾಕಿದ ನಂತರವೇ ಎಫ್.ಎ.ಆರ್. ನಿಗದಿಪಡಿಸುವುದು.

ಆ) ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿ, ಮೂಲಸೌಕರ್ಯ ದೊರೆಯುವ ವರ್ಷವನ್ನು ನಕ್ಷೆಯಲ್ಲಿಯೇ ನಮೂದಿಸುವುದು.

ಇ) ಮಳೆನೀರು ಸಂಗ್ರಹ ಹಾಗೂ ಶುದ್ಧೀಕರಿಸಿದ ನೀರಿನ ಮರುಬಳಕೆಯನ್ನು ಸಾಮರ್ಥ್ಯದ ಲೆಕ್ಕಕ್ಕೆ ಸೇರಿಸುವುದು.

2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಈ ಲೆಕ್ಕಗಳನ್ನು ಒಂದೆಡೆ ತರುವ ಅಗತ್ಯವು ಇನ್ನಷ್ಟು ಹೆಚ್ಚಿದೆ. ಮಹಾಯೋಜನೆಯ ಕರಡು ಪ್ರಕಟವಾದಾಗ ಸಲಹೆ ಹಾಗೂ ಆಕ್ಷೇಪಣೆ ಸಲ್ಲಿಸಲು ಅಧಿನಿಯಮದಲ್ಲಿ ಅವಕಾಶವಿದೆ. ಸಾರ್ವಜನಿಕರು ತಮ್ಮ ನಿವೇಶನವು ಯಾವ ವಲಯದಲ್ಲಿದೆ ಎಂಬುದರ ಜೊತೆಗೆ, ಆ ವಲಯಕ್ಕೆ ನೀರು ಎಲ್ಲಿಂದ, ಯಾವ ವರ್ಷದಲ್ಲಿ ಬರಲಿದೆ ಎಂಬುದನ್ನೂ ಪರಿಶೀಲಿಸುವುದು ಸೂಕ್ತ.