ಅಳಿಸುವ ಮುನ್ನ ಒಂದು ಸಾಲು ಬರೆಯಿರಿ

ಕಳೆದ ವರ್ಷ ಸೆಮಿಸ್ಟರ್ ರಜೆಗೆ ಕೊಟ್ಟೂರಿಗೆ ಬಂದಿದ್ದೆ. ಬಿಸಿಲಿಗೆ ಹೊರಗೆ ಹೋಗಲಾರದೆ ಮೊಬೈಲ್ ನೋಡುತ್ತಾ ಕುಳಿತಿದ್ದಾಗ ಒಂದು ಮಾಹಿತಿ ತಾಣದಲ್ಲಿ ನಮ್ಮ ಪಕ್ಕದ ಹಳ್ಳಿಯ ಪುಟ ಕಣ್ಣಿಗೆ ಬಿತ್ತು. ಯಾರು ಬೇಕಾದರೂ ತಿದ್ದಬಹುದಾದ ತಾಣ ಅದು. ಪುಟದಲ್ಲಿ ಇದ್ದದ್ದು ನಾಲ್ಕೇ ಸಾಲು. ಅದರಲ್ಲೂ ಊರು ಇನ್ನೂ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ನಾವು ವಿಜಯನಗರ ಜಿಲ್ಲೆಯವರಾಗಿ ವರ್ಷಗಳೇ ಕಳೆದಿವೆಯಲ್ಲ ಎಂದುಕೊಂಡು, ಖಾತೆ ತೆರೆದು, ‘ಬಳ್ಳಾರಿ’ ತೆಗೆದು ‘ವಿಜಯನಗರ’ ಎಂದು ಬರೆದೆ. ಅಂತರ್ಜಾಲಕ್ಕೆ ನಾನು ಕೊಟ್ಟ ಮೊದಲ ಕಾಣಿಕೆ ಎಂಬ ಖುಷಿ ಬೇರೆ.

ಹತ್ತು ನಿಮಿಷವೂ ಆಗಿರಲಿಲ್ಲ, ಊರು ಮತ್ತೆ ಬಳ್ಳಾರಿಗೆ ಹೋಗಿತ್ತು. ಯಾರೋ ನನ್ನ ತಿದ್ದುಪಡಿ ಅಳಿಸಿದ್ದರು. ಕಾರಣ ಬರೆದಿರಲಿಲ್ಲ. ಯಾರೆಂದು ನೋಡಿದರೆ ವರ್ಷಗಳಿಂದ ಅಲ್ಲಿ ದುಡಿದು ಸಾವಿರಾರು ತಿದ್ದುಪಡಿ ಮಾಡಿದ ಹಿರಿಯರು. ನನ್ನ ಲೆಕ್ಕದಲ್ಲಿ ಇದ್ದದ್ದು ಒಂದೇ, ಅದೂ ಅಳಿಸಿಹೋದದ್ದು.

ಸಿಟ್ಟು ಬಂತು. ಹಾಸ್ಟೆಲ್‌ನ ಸೀನಿಯರ್ ಒಬ್ಬರಿಗೆ ಫೋನ್ ಮಾಡಿ, ‘ನೋಡಣ್ಣ, ನಮ್ಮೂರು ಯಾವ ಜಿಲ್ಲೆ ಅಂತ ಅವರು ನನಗ ಹೇಳ್ತಾರ’ ಎಂದು ಗೊಣಗಿದೆ. ಅವರು ನಕ್ಕು, ‘ಅಲ್ಲಪ, ನೀನು ಆ ಕಡೆಯವನು ಅಂತ ಅವರಿಗೆ ಹೆಂಗ ಗೊತ್ತಾಗಬೇಕು? ದಾಖಲೆ ಏನು ಕೊಟ್ಟಿ?’ ಎಂದರು. ದಾಖಲೆ ಕೊಡಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಮರುದಿನ ಹುಡುಕಿದೆ. 2021ರ ಫೆಬ್ರುವರಿ 8ರಂದು ಸರ್ಕಾರ ಅಧಿಸೂಚನೆ ಹೊರಡಿಸಿ, ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಸೇರಿಸಿ ವಿಜಯನಗರವನ್ನು ರಾಜ್ಯದ 31ನೇ ಜಿಲ್ಲೆಯಾಗಿ ಮಾಡಿತ್ತು. ಆ ಸುದ್ದಿಯ ಕೊಂಡಿ ಸಮೇತ ಮತ್ತೆ ತಿದ್ದಿದೆ. ಈ ಸಲ ಯಾರೂ ಮುಟ್ಟಲಿಲ್ಲ.

ಹಾಗಾದರೆ ತಪ್ಪು ಯಾರದು? ಆಧಾರ ಕೊಡದ ನನ್ನದೂ ಹೌದು. ಆದರೆ ‘ದಯವಿಟ್ಟು ಆಧಾರ ಕೊಡಿ’ ಎಂಬ ಮೂರು ಪದ ಆ ಹಿರಿಯರು ಬರೆದಿದ್ದರೆ ಸಾಕಿತ್ತು. ಸೀನಿಯರ್ ಅಣ್ಣ ಇಲ್ಲದಿದ್ದರೆ ನಾನು ಆ ಕಡೆ ಮತ್ತೆ ತಲೆ ಹಾಕುತ್ತಿರಲಿಲ್ಲ. ಅಂಥ ಅಣ್ಣ ಇಲ್ಲದ ಎಷ್ಟು ಮಂದಿ ಹೀಗೆ ಬಂದು ಹೀಗೇ ಹೋಗಿರಬಹುದು?

ಅಂಕಗಳ ಹಿರಿತನ

ಕಾಲೇಜಿನಲ್ಲಿ ಸೀನಿಯರ್ ಯಾರೆಂದು ಸೆಮಿಸ್ಟರ್ ಹೇಳುತ್ತದೆ. ಆನ್‌ಲೈನ್ ಸಮುದಾಯಗಳಲ್ಲಿ ಅದನ್ನು ಸಂಖ್ಯೆ ಹೇಳುತ್ತದೆ. ಕೋಡ್ ಬರೆಯುವ ನಮಗೆಲ್ಲ ಗೊತ್ತಿರುವ ಸ್ಟ್ಯಾಕ್ ಓವರ್‌ಫ್ಲೋ ಉದಾಹರಣೆ ತೆಗೆದುಕೊಳ್ಳಿ. 2008ರಲ್ಲಿ ಶುರುವಾದ ಈ ಪ್ರಶ್ನೋತ್ತರ ತಾಣದಲ್ಲಿ ಹೊಸಬರು 1 ಅಂಕದಿಂದ ಆರಂಭಿಸುತ್ತಾರೆ. ವರ್ಷಗಳ ಕಾಲ, ಒಂದು ಉತ್ತರ ಚೆನ್ನಾಗಿದೆ ಎಂದು ಮತ ಹಾಕಲು 15 ಅಂಕ ಬೇಕಿತ್ತು. ಬೇರೆಯವರ ಬರಹದ ಕೆಳಗೆ ಟಿಪ್ಪಣಿ ಬರೆಯಲು 50, ಚೆನ್ನಾಗಿಲ್ಲ ಎಂದು ಮತ ಹಾಕಲು 125, ಪ್ರಶ್ನೆಯೊಂದನ್ನು ಮುಚ್ಚಲು ಮತ ಹಾಕಬೇಕೆಂದರೆ 3,000.

ಇದರಲ್ಲಿ ಒಂದು ವಿಚಿತ್ರ ತೊಡಕಿತ್ತು. 1 ಅಂಕ ಇದ್ದವರೂ ಉತ್ತರ ಬರೆಯಬಹುದಿತ್ತು, ಆದರೆ ‘ನೀವು ಯಾವ ಆವೃತ್ತಿ ಬಳಸುತ್ತಿದ್ದೀರಿ?’ ಎಂದು ಟಿಪ್ಪಣಿಯಲ್ಲಿ ಕೇಳುವಂತಿರಲಿಲ್ಲ. ಪಾಪ, ಹೊಸಬರು ಆ ಪ್ರಶ್ನೆಯನ್ನು ಉತ್ತರದ ಜಾಗದಲ್ಲಿ ಬರೆಯುತ್ತಿದ್ದರು. ‘ಇದು ಉತ್ತರವಲ್ಲ’ ಎಂದು ಅದನ್ನು ಅಳಿಸಲಾಗುತ್ತಿತ್ತು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಫ್ರೆಶರ್‌ಗಳ ಗೋಳು ಇಲ್ಲಿಯೂ ಇತ್ತು.

ತಮ್ಮ ತಾಣ ಹೊಸಬರನ್ನು ಆದರದಿಂದ ಬರಮಾಡಿಕೊಳ್ಳುತ್ತಿಲ್ಲ ಎಂದು ಆ ಸಂಸ್ಥೆಯೇ 2018ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಆಮೇಲೆ ಹೊಸಬರ ಪ್ರಶ್ನೆಗಳ ಪಕ್ಕದಲ್ಲಿ ‘ಇವರು ಹೊಸಬರು, ಸೌಜನ್ಯದಿಂದಿರಿ’ ಎಂಬರ್ಥದ ಗುರುತು ಹಾಕಲು ಶುರುಮಾಡಿತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಅಲ್ಲಿ ಪ್ರಶ್ನೆ ಕೇಳುವವರ ಸಂಖ್ಯೆ ತೀವ್ರವಾಗಿ ಕುಸಿಯಿತು. ಉತ್ತರ ಬೇಗ ಸಿಗುತ್ತದೆ ಎಂಬುದು ಇದಕ್ಕೆ ದೊಡ್ಡ ಕಾರಣ. ಇನ್ನೊಂದು ಕಾರಣವನ್ನು ನನ್ನ ತರಗತಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಎಐ ಬೈಯುವುದಿಲ್ಲ, ‘ಇದೂ ಗೊತ್ತಿಲ್ಲವೇ’ ಎನ್ನುವುದಿಲ್ಲ.

ವಿಕಿಪೀಡಿಯದ ಕಥೆಯೂ ಬೇರೆಯಲ್ಲ. ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿಂಗಳಿಗೆ ಐದಾದರೂ ತಿದ್ದುಪಡಿ ಮಾಡುವ ಸಂಪಾದಕರ ಸಂಖ್ಯೆ 2007ರಲ್ಲಿ 50 ಸಾವಿರ ದಾಟಿ ಗರಿಷ್ಠ ಮಟ್ಟ ಮುಟ್ಟಿತು, ಆಮೇಲೆ ಹಲವು ವರ್ಷ ಇಳಿಯುತ್ತಲೇ ಹೋಯಿತು. ಏಕೆಂದು ಹುಡುಕಿದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇಷ್ಟು: ಗುಣಮಟ್ಟ ಕಾಯಲು ಮಾಡಿದ ನಿಯಮಗಳು ಮತ್ತು ಕ್ಷಣದಲ್ಲಿ ಅಳಿಸುವ ಉಪಕರಣಗಳು ಕಿಡಿಗೇಡಿಗಳ ಜೊತೆಗೆ ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರನ್ನೂ ಓಡಿಸಿದವು. ಹೊಸಬರನ್ನು ಕಚ್ಚಬೇಡಿ ಎಂಬ ಮಾರ್ಗಸೂಚಿ ಅಲ್ಲಿ ಆಗಲೇ ಇತ್ತು. ಇದ್ದೂ ಹೀಗಾಯಿತು.

ಹಿರಿಯರ ಕಡೆಯಿಂದ ನೋಡಿದರೆ

ಇಷ್ಟು ಓದಿ ಹಿರಿಯರೆಲ್ಲ ಅಹಂಕಾರಿಗಳು ಎಂದು ತೀರ್ಮಾನಿಸಿದರೆ ಅದು ನ್ಯಾಯವಲ್ಲ. ಹೊಸಬರು, ಅದರಲ್ಲೂ ನಮ್ಮ ದೇಶದ ವಿದ್ಯಾರ್ಥಿಗಳು, ಕೊಟ್ಟ ತೊಂದರೆಯೂ ಸಣ್ಣದಲ್ಲ.

2011ರಲ್ಲಿ ಪುಣೆಯ ಕಾಲೇಜುಗಳ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಸುವ ಕಾರ್ಯಕ್ರಮ ನಡೆಯಿತು. ಓದಿನ ಭಾಗವಾಗಿ ಬರೆಯಬೇಕಿತ್ತು. ಬಹಳಷ್ಟು ಮಂದಿ ಪುಸ್ತಕ, ಜಾಲತಾಣಗಳಿಂದ ಇದ್ದದ್ದನ್ನು ಇದ್ದಹಾಗೆ ನಕಲು ಮಾಡಿ ಹಾಕಿದರು. ಅಸೈನ್‌ಮೆಂಟ್ ಅಂದರೆ ನಾವು ಏನು ಮಾಡುತ್ತೇವೆ ಎಂಬುದು ನಮಗೇ ಗೊತ್ತಲ್ಲ! ಹಕ್ಕುಸ್ವಾಮ್ಯ ಉಲ್ಲಂಘನೆಯನ್ನು ಹುಡುಕಿ ತೆಗೆಯುವ ಕೆಲಸ ಬೇರೆ ಬೇರೆ ದೇಶಗಳ ಸಂಬಳವಿಲ್ಲದ ಸ್ವಯಂಸೇವಕರ ಮೇಲೆ ಬಿತ್ತು. ಕಾರ್ಯಕ್ರಮ ಅದೇ ವರ್ಷ ನಿಂತಿತು.

2020ರ ಅಕ್ಟೋಬರ್‌ನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ವಾರ್ಷಿಕ ಕಾರ್ಯಕ್ರಮಕ್ಕೂ ಇದೇ ಗತಿ ಬಂತು. ಮುಕ್ತ ತಂತ್ರಾಂಶಗಳಿಗೆ ನಾಲ್ಕು ಬದಲಾವಣೆ ಕಳಿಸಿದರೆ ಒಂದು ಟಿ–ಶರ್ಟ್. ಅದಕ್ಕಾಗಿ ಅಪರಿಚಿತರ ಕಡತಗಳಲ್ಲಿ ಬೇಡದ ಒಂದೆರಡು ಪದ ಸೇರಿಸಿ ಕಳಿಸುವವರ ಪ್ರವಾಹವೇ ಹರಿಯಿತು. ಸುಲಭದ ದಾರಿ ತೋರಿಸಿದ ಭಾರತದ ಯೂಟ್ಯೂಬ್ ಪಾಠವೊಂದರ ಮೇಲೂ ದೂರು ಬಂತು. ಕೆಲವೇ ದಿನಗಳಲ್ಲಿ ಆಯೋಜಕರು ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಅವಕಾಶ ಎಂದರು. ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚಲಿ ಎಂದು ನಾವು ಮಾಡುವ ಕೆಲಸ ಇನ್ಯಾರದೋ ಭಾನುವಾರವನ್ನು ತಿನ್ನುತ್ತದೆ. ಅಂಥ ನೂರು ಮಂದಿಯನ್ನು ನೋಡಿದ ಹಿರಿಯರು ನೂರಾ ಒಂದನೆಯವನ ಮುಖ ನೋಡದೆ ಬಾಗಿಲು ಹಾಕಿದರೆ ಅರ್ಥವಾಗುತ್ತದೆ.

ಆದ್ದರಿಂದ ನಿರ್ಬಂಧಗಳೇ ಇರಬಾರದು ಎನ್ನಲಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2018ರಿಂದ, ಖಾತೆ ತೆರೆದು ನಾಲ್ಕು ದಿನ ಕಳೆದು 10 ತಿದ್ದುಪಡಿ ಮಾಡಿದವರಷ್ಟೇ ನೇರವಾಗಿ ಹೊಸ ಲೇಖನ ಸೇರಿಸಬಹುದು. ಇದು ಅವಮಾನವಲ್ಲ. ನಮ್ಮ ಕೊಟ್ಟೂರೇಶ್ವರನ ತೇರಿನ ಹಗ್ಗಕ್ಕೆ ಯಾರು ಬೇಕಾದರೂ ಕೈ ಹಚ್ಚಬಹುದು, ಗಾಲಿಗೆ ಸನ್ನೆ ಹಾಕಲು ಮಾತ್ರ ಪಳಗಿದವರೇ ಬೇಕು. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಗ್ಗ ಹಿಡಿಯಲು ಬಂದವರನ್ನೇ ಗದರಿಸಿ ಕಳಿಸಿದರೆ ತೇರು ಎಳೆಯುವವರು ಯಾರು?

ಕೆಲಸಕ್ಕೆ ಹಾಕುವ ನಿರ್ಬಂಧ ಬೇರೆ, ಮನುಷ್ಯನಿಗೆ ಮಾಡುವ ಅವಮಾನ ಬೇರೆ. ಈ ವ್ಯತ್ಯಾಸ ದೊಡ್ಡವರಿಗೂ ತಡವಾಗಿ ಹೊಳೆದಿದೆ. ಲಿನಕ್ಸ್ ಸೃಷ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ತಮ್ಮ ಒರಟು ಇಮೇಲ್‌ಗಳಿಗಾಗಿ 2018ರ ಸೆಪ್ಟೆಂಬರ್‌ನಲ್ಲಿ ಕ್ಷಮೆ ಕೇಳಿ, ಸ್ವಲ್ಪ ದಿನ ಕೆಲಸದಿಂದ ದೂರ ಉಳಿದರು. ಮರಳಿ ಬಂದ ಮೇಲೂ ಕೆಟ್ಟ ಕೋಡ್ ತಿರಸ್ಕರಿಸುವುದನ್ನು ಅವರೇನೂ ಬಿಡಲಿಲ್ಲ. ನಮ್ಮ ಕಾಲೇಜುಗಳಿಗೂ ಇದು ಹೊರತಲ್ಲ. ಹಿರಿಯ ವಿದ್ಯಾರ್ಥಿಗಳು ವಾಟ್ಸ್‌ಆ್ಯಪ್ ಗುಂಪು ಮಾಡಿ ಕಿರಿಯರನ್ನು ಕಾಡುವುದೂ ರ‍್ಯಾಗಿಂಗ್ ಎಂದು ಯುಜಿಸಿ 2025ರಲ್ಲಿ ಎಚ್ಚರಿಸಿತು. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ಕಾಯುತ್ತಾ ಕುಳಿತ ಸೊಸೆ ಮುಂದೆ ಅತ್ತೆಯಾದಾಗ ಅದನ್ನೇ ಮಾಡುತ್ತಾಳೆ. ಎಲ್ಲಿಯೋ ಒಂದು ಕಡೆ ಯಾರಾದರೂ ನಿಲ್ಲಿಸಬೇಕು.

ಕನ್ನಡಕ್ಕೆ ನಷ್ಟ ಹೆಚ್ಚು

ಇಂಗ್ಲಿಷ್‌ನಲ್ಲಿ ಒಬ್ಬ ಹೊಸಬ ಬೇಸತ್ತು ಹೋದರೆ ಅವನ ಜಾಗಕ್ಕೆ ಮತ್ತೊಬ್ಬ ಬರುತ್ತಾನೆ. ಕನ್ನಡದಲ್ಲಿ ಬರುವವರೇ ಕಡಿಮೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅದರಲ್ಲಿರುವ ಲೇಖನಗಳು 30 ಸಾವಿರದ ಆಚೆಈಚೆ. ಮಲಯಾಳದಲ್ಲಿ 80 ಸಾವಿರಕ್ಕೂ ಹೆಚ್ಚು, ತಮಿಳಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ, ಮಲಯಾಳದವರು 3.48 ಕೋಟಿ. ಅಂದರೆ ನಮ್ಮಲ್ಲಿ ಕೊರತೆ ಇರುವುದು ಜನರಿಗಲ್ಲ, ಬರೆಯಲು ಕೂರುವವರಿಗೆ. ಬೆರಳೆಣಿಕೆಯ ಹಿರಿಯರ ಮೇಲೇ ಇಡೀ ಭಾರ ಬಿದ್ದಿದೆ. ಅವರು ದಣಿದು ಸಿಡುಕುವುದೂ, ಹೊಸಬರು ಬೇಸತ್ತು ಹೋಗುವುದೂ ಒಂದನ್ನೊಂದು ಹೆಚ್ಚಿಸುತ್ತವೆ.

ನಮ್ಮ ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಆ ತಾಲ್ಲೂಕಿನ ಪ್ರತಿ ಹಳ್ಳಿಯ ವಿವರವನ್ನೂ ಪ್ರತಿ ಸಲ ಯಾರಾದರೂ ಕೂತು ತಿದ್ದಬೇಕು. ಬೆಂಗಳೂರಿನಲ್ಲಿ ಕೂತ ಹಿರಿಯರಿಗೆ ಆ ಹಳ್ಳಿಗಳ ಹೆಸರೂ ಗೊತ್ತಿರಲಿಕ್ಕಿಲ್ಲ. ಗೊತ್ತಿರುವುದು ಅಲ್ಲಿನ ಹುಡುಗ ಹುಡುಗಿಯರಿಗೆ. ಅವರೇ ಹೊಸಬರು. ಎಐ ಇದೆಯಲ್ಲ ಎನ್ನಬೇಡಿ. ಎಐ ಕಲಿಯುವುದು ಯಾರೋ ಸಾರ್ವಜನಿಕವಾಗಿ ಬರೆದಿಟ್ಟದ್ದರಿಂದಲೇ. ನಾವು ಕನ್ನಡದಲ್ಲಿ ಬರೆಯದಿದ್ದರೆ ಅದು ನಮ್ಮ ಊರಿನ ಬಗ್ಗೆ ಕನ್ನಡದಲ್ಲಿ ಸರಿಯಾಗಿ ಹೇಳುವುದೆಲ್ಲಿಂದ?

ಎರಡೂ ಕಡೆಯ ಕೆಲಸ

ಹೊಸಬರು ಮಾಡಬೇಕಾದದ್ದು ಕಷ್ಟದ್ದಲ್ಲ. ಮೊದಲು ಒಂದು ವಾರ ಸುಮ್ಮನೆ ಓದಿ, ಅಲ್ಲಿನ ರೀತಿ ತಿಳಿಯಬೇಕು. ಪ್ರಶ್ನೆ ಕೇಳುವ ಮೊದಲು ಅದನ್ನು ಬೇರೆ ಯಾರಾದರೂ ಕೇಳಿದ್ದಾರೆಯೇ ಎಂದು ಹುಡುಕಬೇಕು. ಸಣ್ಣ ತಿದ್ದುಪಡಿಯಿಂದ ಶುರುಮಾಡಿ, ಆಧಾರ ಕೊಡಬೇಕು. ಅಳಿಸಿದರೆ ಜಗಳಕ್ಕೆ ನಿಲ್ಲದೆ ‘ಏಕೆ ಅಳಿಸಿದಿರಿ ಸರ್, ಏನು ಸರಿಪಡಿಸಲಿ?’ ಎಂದು ಒಮ್ಮೆ ಕೇಳಬೇಕು. ಸರ್ಟಿಫಿಕೇಟಿಗಾಗಿ ಮಾತ್ರ ಹೋಗುವುದಾದರೆ ಹೋಗದಿರುವುದೇ ಉಪಕಾರ.

ಹಿರಿಯರಿಂದ ಕೇಳುವುದೂ ಹೆಚ್ಚೇನಲ್ಲ. ಗಿಟ್‌ಹಬ್‌ನ ಹಲವು ಯೋಜನೆಗಳಲ್ಲಿ ಮೊದಲ ಸಲ ಬರುವವರಿಗೆಂದೇ ಸುಲಭದ ಕೆಲಸಗಳಿಗೆ ಗುರುತು ಹಾಕಿಟ್ಟಿರುತ್ತಾರೆ. ವಿಕಿಪೀಡಿಯದಲ್ಲೂ ಈಗ ಹೊಸಬರಿಗೆ ಮಾರ್ಗದರ್ಶಕರನ್ನು ಜೋಡಿಸುವ ವ್ಯವಸ್ಥೆ ಬಂದಿದೆ. ಅಷ್ಟು ಆಗದಿದ್ದರೂ, ಅಳಿಸುವಾಗ ಕಾರಣದ ಒಂದು ಸಾಲು ಬರೆಯಲಿ.

ಈ ಮಾತು ಹೇಳಲು ನನಗೇನು ಹಕ್ಕು ಎಂದರೆ, ಎರಡು ತಿಂಗಳ ಹಿಂದೆ ನಾನೂ ಅಳಿಸಲು ಹೊರಟಿದ್ದೆ. ಅದೇ ತಾಣದಲ್ಲಿ ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯನ್ನು ಯಾರೋ ಹೊಸಬರು ‘ದಾವಣಗೆರೆ ಜಿಲ್ಲೆ’ ಎಂದು ಬದಲಿಸಿದ್ದರು. ಆಧಾರ ಇರಲಿಲ್ಲ. ಬೆರಳು ಅಳಿಸುವ ಗುಂಡಿಯ ಮೇಲೇ ಇತ್ತು. ಒಂದು ಕ್ಷಣ ತಡೆದು, ಮೂರು ಇಸವಿಗಳನ್ನು ಬರೆದು, ‘ಈಗ ವಿಜಯನಗರ ಅಲ್ಲವೇ? ನಿಮ್ಮಲ್ಲಿ ಬೇರೆ ದಾಖಲೆ ಇದೆಯೇ?’ ಎಂದು ಕೇಳಿದೆ. ಸಂಜೆ ಉತ್ತರ ಬಂತು. ಅಕ್ಕನ ಹಳೆಯ ಅಂಕಪಟ್ಟಿಯಲ್ಲಿ ದಾವಣಗೆರೆ ಎಂದಿತ್ತಂತೆ, ಅದನ್ನು ನೋಡಿ ಬದಲಿಸಿದ್ದರಂತೆ. ಅವರು ಹೇಳಿದ್ದು ಸುಳ್ಳಲ್ಲ, ಹಳೆಯದು ಅಷ್ಟೇ. ಮರುದಿನ ಆ ಪುಟ ತೆರೆದರೆ ಜಿಲ್ಲೆಯ ಹೆಸರು ಸರಿಯಾಗಿತ್ತು. ಕೆಳಗೆ ಊರು ಯಾವ ವರ್ಷ ಯಾವ ಜಿಲ್ಲೆಯಲ್ಲಿತ್ತು ಎಂಬ ವಿವರ ಆಧಾರ ಸಮೇತ ಸೇರಿತ್ತು. ಬರೆದವರು ಅವರೇ.