ತಕ್ಕಡಿಯ ಪಕ್ಕದ ಮಾತಿನ ಡಬ್ಬ

ಸಂಜೆಯ ಹೊತ್ತಿನಲ್ಲಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ಹೊಕ್ಕವರಿಗೆ ಮೊದಲು ಎದುರಾಗುವುದು ಮಲ್ಲಿಗೆಯ ಪರಿಮಳವೋ ಮೀನಿನ ವಾಸನೆಯೋ ಎಂಬುದು ಅವರು ಯಾವ ಬಾಗಿಲಿನಿಂದ ಬಂದರೆಂಬುದನ್ನು ಹೊಂದಿಕೊಂಡಿದೆ. ಬೆಂಗಳೂರಿನ ದಂಡುಪ್ರದೇಶವು ಬ್ರಿಟಿಷರ ಆಡಳಿತದಲ್ಲಿದ್ದ ಕಾಲದಲ್ಲಿ, ೧೯೨೭ರಲ್ಲಿ, ಕಟ್ಟಿದ ಈ ಕಟ್ಟಡವು ಅಂದಿನ ಮುನಿಸಿಪಲ್ ಕಮಿಷನರ್ ಟಿ. ಬಿ. ರಸೆಲ್ಲರ ಹೆಸರನ್ನು ಹೊತ್ತು ನಿಂತಿದೆ. ದಖ್ಖನಿ ಉರ್ದು, ತಮಿಳು, ಕನ್ನಡ, ಇಂಗ್ಲಿಷು ಈ ನಾಲ್ಕೂ ಒಂದೇ ವಾಕ್ಯದಲ್ಲಿ ಕಲೆತು ಬರುವ ಇಲ್ಲಿನ ಚೌಕಾಸಿಯ ನಡುವೆ ಕೆಲವು ವರ್ಷಗಳಿಂದ ಐದನೆಯ ದನಿಯೊಂದು ಸೇರಿಕೊಂಡಿದೆ. ಅದು ತಕ್ಕಡಿಯ ಪಕ್ಕದಲ್ಲಿ ಕುಳಿತ ಅಂಗೈಯಗಲದ ಡಬ್ಬವೊಂದರ ದನಿ.

ಹಣ್ಣಿನಂಗಡಿಯ ಮುಂದೆ ನಿಂತ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ದಾಳಿಂಬೆಯನ್ನು ಚೀಲಕ್ಕೆ ಹಾಕಿಸಿಕೊಂಡು, ಕಪ್ಪುಬಿಳುಪು ಚೌಕದ ಮುಂದೆ ತನ್ನ ಫೋನನ್ನು ಹಿಡಿದು ಹಣ ಕಳುಹಿಸಿ, ಹಸಿರು ಗುರುತು ಮೂಡಿದ ತೆರೆಯನ್ನು ಅಂಗಡಿಯವನತ್ತ ತಿರುಗಿಸುತ್ತಾಳೆ. ಅವನು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

“ಒಂದು ನಿಮಿಷ ತಾಳಿ ಅಮ್ಮಾ, ಡಬ್ಬ ಇನ್ನೂ ಹೇಳಲಿಲ್ಲ.”

“ಹೋಗಿದೆ ಅಂತ ಇಲ್ಲೇ ಬರೆದಿದೆಯಲ್ಲಪ್ಪ, ನಾನೇನು ಸುಳ್ಳು ತೋರಿಸ್ತೀನಾ?”

“ನಿಮ್ಮನ್ನ ಹೇಳಲಿಲ್ಲ ಅಮ್ಮಾ. ನಿನ್ನೆ ಒಬ್ಬ ಬಂದಿದ್ದ...”

ಅಷ್ಟರಲ್ಲಿ ಡಬ್ಬವು ಇನ್ನೂರ ನಲವತ್ತು ರೂಪಾಯಿ ಬಂದಿತೆಂದು ಸಾರುತ್ತದೆ. ಇಬ್ಬರ ಮುಖವೂ ಸಡಿಲವಾಗುತ್ತದೆ.

ನಿನ್ನೆ ಬಂದವನು ಏನು ಮಾಡಿಹೋದನೆಂದು ಊಹಿಸುವುದು ಕಷ್ಟವಲ್ಲ. ಹಣ ಕಳುಹಿಸದೆಯೇ ಹಸಿರು ಗುರುತನ್ನು ಮಾತ್ರ ಮೂಡಿಸುವ ನಕಲಿ ಆ್ಯಪುಗಳಿವೆ. ಡಬ್ಬ ಬರುವ ಮೊದಲು ಅಂಗಡಿಯವನಿಗೆ ಇದ್ದ ದಾರಿಯೆಂದರೆ ತನ್ನ ಫೋನಿಗೆ ಬಂದ ಸಂದೇಶವನ್ನು ಓದಿ ನೋಡುವುದು. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಚಿಲ್ಲರೆ, ಎದುರಿಗೆ ಆರು ಗಿರಾಕಿಗಳು. ಸಂದೇಶವೋ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಅವನು ಓದಬಲ್ಲವನೇ ಆದರೂ ಓದುವ ಪುರಸತ್ತಾದರೂ ಎಲ್ಲಿ? ೨೦೧೯ರ ಸುಮಾರಿಗೆ ಪೇಟಿಎಂ ಸಂಸ್ಥೆಯು ಸೌಂಡ್‌ಬಾಕ್ಸನ್ನು ಅಂಗಡಿಗಳಿಗೆ ತಂದಿತು, ಉಳಿದವರು ಹಿಂಬಾಲಿಸಿದರು. ಅದರೊಳಗೆ ಅದರದೇ ಸಿಮ್ ಇರುವುದರಿಂದ ಅಂಗಡಿಯವನ ಫೋನು ಮಗನ ಕೈಯಲ್ಲಿದ್ದರೂ ಅದು ಮಾತನಾಡುತ್ತದೆ. ಮಹಾ ವಿಜ್ಞಾನವೇನೂ ಇದರಲ್ಲಿಲ್ಲ. ವ್ಯಾಪಾರಿಯ ಕಣ್ಣಿಗೂ ಕೈಗೂ ಬಿಡುವಿಲ್ಲ, ಕಿವಿಗೆ ಮಾತ್ರ ಇದೆ ಎಂಬುದನ್ನು ಗಮನಿಸಿದ ಜಾಣ್ಮೆ ಮಾತ್ರ ಇದೆ.

ಈ ಬಗೆಯ ಜಾಣ್ಮೆಗೂ ಒಂದು ಶಾಸ್ತ್ರವುಂಟು. ಅದರ ಮುಖ್ಯ ವಿಧಿ ಕೇಳಲು ಸುಲಭ, ನಡೆಸಲು ಕಷ್ಟ. ಹೊಸದಾಗಿ ಸಿದ್ಧಪಡಿಸಿದ ಆ್ಯಪನ್ನು ಅದನ್ನು ಎಂದೂ ಕಾಣದವರ ಕೈಗೆ ಕೊಟ್ಟು, “ಇಷ್ಟು ಹಣ ಕಳುಹಿಸಿ ನೋಡಿ” ಎಂದು ಹೇಳಿ, ಬಳಿಕ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿರಬೇಕು. ಅವರು ಎಲ್ಲಿ ತಡವರಿಸುತ್ತಾರೆ, ಯಾವುದನ್ನು ಗುಂಡಿಯೆಂದು ತಿಳಿದು ಒತ್ತುತ್ತಾರೆ, ಎಲ್ಲಿ ಹೆದರಿ ಕೈ ಹಿಂದೆಗೆಯುತ್ತಾರೆ, ಎಲ್ಲವನ್ನೂ ಬರೆದುಕೊಳ್ಳಬೇಕು. “ಅಲ್ಲಲ್ಲ, ಮೇಲೆ ಒತ್ತಿ” ಎಂದು ಒಂದು ಮಾತು ಹೊರಬಿದ್ದರೆ ಪರೀಕ್ಷೆ ಕೆಟ್ಟಿತು. ಮೇಷ್ಟರಿಗೂ ತಂದೆತಾಯಿಗಳಿಗೂ ಇದಕ್ಕಿಂತ ಕಠಿನವಾದ ತಪಸ್ಸು ಬೇರೊಂದಿರಲಾರದು! ಹೀಗೆ ಐವರನ್ನು ಕೂರಿಸಿ ನೋಡಿದರೆ ಸಾಕು, ದೋಷಗಳಲ್ಲಿ ಹೆಚ್ಚಿನವು ಹೊರಬೀಳುತ್ತವೆ ಎಂದು ಡೆನ್ಮಾರ್ಕ್ ಮೂಲದ ತಜ್ಞ ಜೇಕಬ್ ನೀಲ್ಸನ್ ಪ್ರತಿಪಾದಿಸಿದರು. ಸರಿ, ಆದರೆ ಯಾವ ಐವರು? ಇಂದಿರಾನಗರದ ಕಚೇರಿಯೊಂದರಲ್ಲಿ ಆ್ಯಪು ಹೆಣೆದವರು ಪಕ್ಕದ ಮೇಜಿನ ಐವರನ್ನೇ ಕರೆದರೆ ಎಲ್ಲವೂ ಸುಸೂತ್ರವಾಗಿಯೇ ಕಂಡೀತು. ಅಲ್ಲಿಂದ ಕೆಲವೇ ಮೈಲಿ ದೂರದ ರಸೆಲ್ ಮಾರುಕಟ್ಟೆಯ ಐವರು ಬೇರೆಯೇ ಕಥೆ ಹೇಳಿಯಾರು.

ಇದನ್ನು ಬೆಂಗಳೂರಿನಲ್ಲಿಯೇ ಮಾಡಿ ತೋರಿಸಿದವರಿದ್ದಾರೆ. ೨೦೦೫ರಲ್ಲಿ ಇಲ್ಲಿ ಆರಂಭವಾದ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಇಂದ್ರಾಣಿ ಮೇಧಿ ಎಂಬ ವಿನ್ಯಾಸಕಿ, ಅಮನ್ ಸಾಗರ್ ಮತ್ತು ಕೆಂಟಾರೊ ತೊಯಾಮ ಅವರ ಜೊತೆಗೂಡಿ, ನಗರದ ಕೊಳೆಗೇರಿಗಳಲ್ಲಿ ವಾಸಿಸುವ ಮನೆಗೆಲಸದ ಹೆಂಗಸರ ಬಳಿಗೆ ಹೋದರು. ಓದುಬರಹ ಬಾರದ ಈ ಹೆಂಗಸರು ಎಲ್ಲಿ ಕೆಲಸವಿದೆ, ಸಂಬಳವೆಷ್ಟು ಎಂಬುದನ್ನು ಯಾರ ಹಂಗೂ ಇಲ್ಲದೆ ಕಂಪ್ಯೂಟರಿನಲ್ಲಿ ತಿಳಿಯುವಂತಾಗಬೇಕು ಎಂಬುದು ಗುರಿ. ೨೦೦೬ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ತೆರೆಯ ಮೇಲೆ ಬರಹವೇ ಇರಲಿಲ್ಲ. ಚಿತ್ರವಿತ್ತು, ಚಿತ್ರದ ಮೇಲೆ ಬೆರಳಿಟ್ಟರೆ ದನಿಯಿತ್ತು. ಅಂಕಿಗಳನ್ನು ಮಾತ್ರ ಉಳಿಸಿಕೊಂಡಿದ್ದರು. ಅಕ್ಷರ ತಿಳಿಯದವರಿಗೂ ಅಂಕಿಯ ಗುರುತು ಇದ್ದುದೇ ಕಾರಣ.

ಚಿತ್ರವೆಂದರೆ ಎಲ್ಲರಿಗೂ ತಾನಾಗಿಯೇ ತಿಳಿಯುತ್ತದೆಂಬ ನಂಬಿಕೆಯೂ ಅಲ್ಲಿ ಉಳಿಯಲಿಲ್ಲ. ಫೋಟೋಗಿಂತ ಕೈಯಿಂದ ಬರೆದ ಸರಳ ರೇಖಾಚಿತ್ರವೇ ಹೆಚ್ಚು ಸ್ಪಷ್ಟವಾಯಿತು. ಬರಿಯ ಪಾತ್ರೆಯ ಚಿತ್ರ ಪಾತ್ರೆಯಾಗಿಯೇ ಉಳಿಯುತ್ತದೆ. “ಪಾತ್ರೆ ತೊಳೆಯುವ ಕೆಲಸ” ಎಂದು ಹೊಳೆಯಬೇಕಾದರೆ ಕೆಲಸ ನಡೆಯುತ್ತಿರುವ ಸೂಚನೆ ಚಿತ್ರದಲ್ಲಿ ಬೇಕು. ಇಷ್ಟಾದ ಮೇಲೂ ಒಂದು ಅಡ್ಡಿ ಉಳಿಯಿತು. ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಬಂದದ್ದು ಹೇಗೆ, ಇದನ್ನು ನಂಬಿದರೆ ನಿಜವಾಗಿಯೂ ಸಂಬಳ ಸಿಕ್ಕೀತೇ ಎಂಬ ಸಂಶಯ. ಅದಕ್ಕಾಗಿ ಆಮೇಲೆ ಒಂದು ಪುಟ್ಟ ನಾಟಕದಂಥ ಚಲನಚಿತ್ರವನ್ನೇ ತಯಾರಿಸಿ ಮೊದಲಿಗೆ ತೋರಿಸಿದರು. ಸುದ್ದಿ ಕಂಪ್ಯೂಟರಿನೊಳಕ್ಕೆ ಸೇರುವುದು ಹೇಗೆ, ಅದನ್ನು ಬಳಸಿ ಕೆಲಸ ಹುಡುಕುವುದು ಹೇಗೆ ಎಂಬುದೆಲ್ಲ ಅದರಲ್ಲಿತ್ತು. ಗುಂಡಿ ಒತ್ತುವುದನ್ನು ಕಲಿಸುವುದಕ್ಕಿಂತ ಮೊದಲು ಗುಂಡಿಯ ಹಿಂದಿರುವ ವ್ಯವಹಾರವನ್ನು ತಿಳಿಸಬೇಕಾಯಿತು.

ಅದೇ ಬಳಗವು ಹಣ ಕಳುಹಿಸುವ ವಿಷಯವನ್ನೂ ಪರೀಕ್ಷೆಗೆ ಒಡ್ಡಿ, ೨೦೦೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಬರಹದ ಮಾದರಿ, ಚಿತ್ರ ಮತ್ತು ದನಿ ಕೂಡಿದ ಮಾದರಿ, ಬರಿಯ ಸಂಭಾಷಣೆಯ ಮಾದರಿ ಎಂದು ಮೂರು. ಬರಹವನ್ನು ಜನ ಹಿಂದೆ ಸರಿಸಿದರು. ಕೈಗೊಂಡ ಕೆಲಸವನ್ನು ಪೂರೈಸಿದವರು ಚಿತ್ರದ ಮಾದರಿಯಲ್ಲಿ ಹೆಚ್ಚು. ಆದರೆ ವೇಗವಾಗಿ, ಪರರ ನೆರವು ಕಡಿಮೆ ಬೇಡಿ ಸಾಗಿದ್ದು ಮಾತಿನ ಮಾದರಿಯಲ್ಲಿ. ಮಾರುಕಟ್ಟೆಯ ಡಬ್ಬ ಬಾಯಿ ತೆರೆಯುವುದಕ್ಕೆ ಹತ್ತು ವರ್ಷ ಮೊದಲೇ ಈ ಸುಳಿವು ದೊರೆತಿತ್ತು.

ಬರಹ ಬಲ್ಲವರ ಪಾಡೇನು ಸುಖದ್ದೇ? ಆ್ಯಪುಗಳಿಗೆ ಕನ್ನಡ ಬಂದಿರುವುದು ಸಂತೋಷದ ಸಂಗತಿ. ಆದರೆ ನಿಘಂಟನ್ನು ಮಾತ್ರ ನೋಡಿ, ಪೇಟೆಯನ್ನು ನೋಡದೆ ಕನ್ನಡಿಸಿದರೆ ಏನಾದೀತು? “ಪೆಂಡಿಂಗ್” ಎಂಬುದಕ್ಕೆ “ಬಾಕಿ” ಎಂದು ಬರೆದರೆ ವ್ಯಾಕರಣಕ್ಕೆ ದೋಷವಿಲ್ಲ. ಮಾರುಕಟ್ಟೆಯಲ್ಲಿ ಬಾಕಿಯೆಂದರೆ ಕೊಡಬೇಕಾದ ಸಾಲ. ದಾರಿಯಲ್ಲಿರುವ ಹಣವನ್ನು ಸಾಲವೆಂದು ಓದಿಕೊಂಡ ಗಿರಾಕಿ ಮತ್ತೊಮ್ಮೆ ಹಣ ಕಳುಹಿಸಿದರೆ ಅವನನ್ನು ದಡ್ಡನೆನ್ನುವುದು ನ್ಯಾಯವೆ? “ವಹಿವಾಟು ವಿಫಲವಾಗಿದೆ” ಎಂಬ ಘನವಾಕ್ಯಕ್ಕಿಂತ “ಹಣ ಹೋಗಲಿಲ್ಲ” ಎಂಬ ಎರಡು ಮಾತು ಎಷ್ಟೋ ಮೇಲು.

ಒಂದು ಶಬ್ದ, ಒಂದು ಗುಂಡಿ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ನಿದರ್ಶನ ಬೇಕಾದವರು ಯುಪಿಐ ಚರಿತ್ರೆಯನ್ನೇ ನೋಡಬಹುದು. ೨೦೧೬ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ೨೦೨೩ರ ಆಗಸ್ಟ್ ಒಂದೇ ತಿಂಗಳಲ್ಲಿ ಸಾವಿರ ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಅದರ ಸೌಲಭ್ಯದ ಬಗೆಗೆ ಎರಡು ಮಾತಿಲ್ಲ. ಆದರೆ ಅದರಲ್ಲಿ ಹಣ ಕಳುಹಿಸುವುದರ ಜೊತೆಗೆ, ಹಣವನ್ನು ಕೇಳಿ ಪಡೆಯುವ “ಕಲೆಕ್ಟ್ ರಿಕ್ವೆಸ್ಟ್” ಎಂಬ ಸೌಕರ್ಯವನ್ನೂ ಇಟ್ಟಿದ್ದರು. ಹಳೆಯ ಮಂಚವೊಂದನ್ನು ಮಾರಲು ಹೊರಟ ನಿವೃತ್ತರೊಬ್ಬರಿಗೆ ಕೊಳ್ಳುವವನ ಸೋಗಿನಲ್ಲಿ ಕರೆ ಬರುತ್ತದೆ. “ಹಣ ಕಳುಹಿಸಿದ್ದೇನೆ ಸಾರ್, ಪಿನ್ ಒತ್ತಿ ಸ್ವೀಕರಿಸಿ” ಎನ್ನುತ್ತದೆ ಆ ಕಂಠ. ತೆರೆಯ ಮೇಲೆ ಮೊತ್ತವೂ ಕಾಣುತ್ತದೆ, ಒಪ್ಪಿಗೆಯ ಗುಂಡಿಯೂ ಕಾಣುತ್ತದೆ. ಒತ್ತಿದ ಮರುಕ್ಷಣ ಹಣ ಬರುವುದಕ್ಕೆ ಬದಲು ಹೋಗುತ್ತದೆ. ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ ಹೊರತು ಪಡೆಯುವುದಕ್ಕಲ್ಲ ಎಂದು ಬ್ಯಾಂಕುಗಳು ಸಾರಿದ್ದೇ ಸಾರಿದ್ದು. ಮೋಸಹೋಗುವವರು ಹೋಗುತ್ತಲೇ ಇದ್ದರು. ಮನೆಯಲ್ಲಿ ಮಕ್ಕಳಿಂದ “ಅಷ್ಟೂ ಗೊತ್ತಾಗಲಿಲ್ಲವೆ ಅಪ್ಪಾ?” ಎನಿಸಿಕೊಂಡ ಹಿರಿಯರೆಷ್ಟೋ! ಕೊನೆಗೆ ವ್ಯಕ್ತಿ ವ್ಯಕ್ತಿಗಳ ನಡುವಣ ಈ ಕೋರಿಕೆಯ ಸೌಕರ್ಯವನ್ನೇ ೨೦೨೫ರ ಅಕ್ಟೋಬರ್ ೧ರಿಂದ ರಾಷ್ಟ್ರೀಯ ಪಾವತಿ ನಿಗಮವು ನಿಲ್ಲಿಸಿತು. ಕೊಡುವುದಕ್ಕೂ ಪಡೆಯುವುದಕ್ಕೂ ಒಂದೇ ಮುಖವಿದ್ದ ಆ ತೆರೆಯನ್ನು ಮೊದಲ ವರ್ಷವೇ ಐವರು ವೃದ್ಧರ ಕೈಗೆ ಕೊಟ್ಟು, ಮಾತಾಡದೆ ನೋಡುತ್ತ ಕುಳಿತಿದ್ದರೆ? ಕಳೆದ ಹಣವೂ ಆಡಿಸಿಕೊಂಡ ಮಾತೂ ಅಷ್ಟಿಷ್ಟಾದರೂ ಉಳಿಯುತ್ತಿದ್ದವು.

ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಈಗ ದೀಪ ಹತ್ತಿರುತ್ತದೆ. ಮುದುಕಿಯೊಬ್ಬಳು ಮೊಣಕೈಯಿಂದ ಬೆರಳ ತುದಿಯವರೆಗೆ ಕನಕಾಂಬರವನ್ನು ಅಳೆಯುತ್ತಾಳೆ. ಕಾಲೇಜಿಗೆ ಹೋಗುವ ಹುಡುಗಿ ಫೋನನ್ನು ಮುಂದೆ ಚಾಚಿ, “ಅಜ್ಜಿ, ಕಳಿಸಿದೆ ನೋಡಿ” ಎನ್ನುತ್ತಾಳೆ. ಮುದುಕಿ ತಲೆಯೆತ್ತುವುದಿಲ್ಲ, ಎಲೆಯಲ್ಲಿ ಹೂವನ್ನು ಸುತ್ತುತ್ತಲೇ ಡಬ್ಬದತ್ತ ಕಿವಿಗೊಡುತ್ತಾಳೆ. ಅರವತ್ತು ರೂಪಾಯಿ ಎಂದು ಅದು ನುಡಿದ ಮೇಲೆ ಪೊಟ್ಟಣವನ್ನು ಹುಡುಗಿಯ ಕೈಗೆ ಕೊಟ್ಟು, ಇನ್ನೊಂದು ಗೇಣು ಹೂವನ್ನು ಕತ್ತರಿಸಿ ಮೇಲಿಡುತ್ತಾಳೆ.